ಸಿಸೇರಿಯನ್ ಲೆಕ್ಕ ಕೇಳುವ ಮೊದಲು ಹೆರಿಗೆ ಕೊಠಡಿಯೊಳಗೆ ಬನ್ನಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆ, ಕೊನೆಯ ಒಂಬತ್ತು ವರ್ಷ ಜಿಲ್ಲಾ ಆಸ್ಪತ್ರೆ. ಹೆಚ್ಚಿನ ಕಾಲ ಕಳೆದದ್ದು ಹೆರಿಗೆ ಕೊಠಡಿಯಲ್ಲಿಯೇ. ನಿವೃತ್ತಿಯ ನಂತರ ಎರಡು ವರ್ಷ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿಯೂ ಕೆಲಸ ಮಾಡಿದೆ. ಹಾಗಾಗಿ ಎರಡೂ ಕಡೆಯ ಬಾಗಿಲೊಳಗೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈ ಪತ್ರವನ್ನು ಆ ಬಲದ ಮೇಲೆ ಬರೆಯುತ್ತಿದ್ದೇನೆ.

ಸಿಸೇರಿಯನ್ ಹೆಚ್ಚಾಗುತ್ತಿದೆ ಎಂಬ ಮಾತು ಬಂದಾಗಲೆಲ್ಲ ಒಂದು ವಿವರಣೆ ತಪ್ಪದೆ ಕೇಳಿಬರುತ್ತದೆ: "ಈಗಿನ ಹೆಣ್ಣುಮಕ್ಕಳಿಗೆ ನೋವು ತಡೆಯುವ ಶಕ್ತಿಯಿಲ್ಲ, ಅವರೇ ಆಪರೇಷನ್ ಮಾಡಿ ಎಂದು ಕೇಳುತ್ತಾರೆ." ಇದನ್ನು ವೈದ್ಯರ ಬಾಯಲ್ಲಿ ಕೇಳಿದ್ದೇನೆ, ಪರಿಶೀಲನಾ ಸಭೆಗಳಲ್ಲಿ ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ, ವಾರ್ಡಿಗೆ ಗಂಜಿ ತರುವ ಅತ್ತೆಯರ ಬಾಯಲ್ಲಿಯೂ ಕೇಳಿದ್ದೇನೆ. ಒಂದು ಕಾಲಕ್ಕೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆ ಮಾತು ತಪ್ಪು ಎಂದು ಹೇಳಲು ನನಗೆ ಈಗ ಧೈರ್ಯ ಬಂದಿದೆ.

ಅಂಕಿಅಂಶಗಳು ನಿಮಗೆ ಹೊಸವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದಲ್ಲಿ ನೂರು ಹೆರಿಗೆಗಳಲ್ಲಿ 8.5 ಸಿಸೇರಿಯನ್ ಆಗಿದ್ದವು. 2019-21ರ ಹೊತ್ತಿಗೆ ಅದು 21.5 ಆಯಿತು. ನಮ್ಮ ರಾಜ್ಯದ್ದು ಅದೇ ಸಮೀಕ್ಷೆಯಲ್ಲಿ 31.5. ಇನ್ನೊಂದು ಸಂಖ್ಯೆ ಇದೆ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ತಮ್ಮಲ್ಲಿ ಕೋರುತ್ತೇನೆ. ಅದೇ ಸಮೀಕ್ಷೆಯಂತೆ ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಇದ್ದ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ 47.4. ಹೆಣ್ಣುಮಕ್ಕಳ ತಾಳ್ಮೆ ಕಡಿಮೆಯಾಗಿದ್ದೇ ಕಾರಣವಾಗಿದ್ದರೆ, ಅದು ಆಸ್ಪತ್ರೆಯ ಬೋರ್ಡು ನೋಡಿಕೊಂಡು ಏಕೆ ಕಡಿಮೆಯಾಗಬೇಕು? ಹಣವಿದ್ದವರು ಖಾಸಗಿಗೆ ಹೋಗುತ್ತಾರೆ, ತೊಡಕಿನ ಹೆರಿಗೆಯ ಭಯವಿದ್ದವರೂ ಹೋಗುತ್ತಾರೆ, ನಿಜ. ಆದರೆ ಮೂರು ಪಟ್ಟಿಗೂ ಮೀರಿದ ಅಂತರಕ್ಕೆ ಆ ಕಾರಣಗಳು ಸಾಲುವುದಿಲ್ಲ.

ಹೆಣ್ಣು ನಿಜವಾಗಿ ಏನನ್ನು ಬಯಸುತ್ತಾಳೆ ಎಂದು ಕೇಳಿ ನೋಡಿದವರಿದ್ದಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಸಿಸೇರಿಯನ್ನನ್ನೇ ಬಯಸಿದವರು ನೂರಕ್ಕೆ 15.6 ಮಂದಿ. ಉಳಿದವರಲ್ಲಿ ಹೆಚ್ಚಿನವರು ಬಯಸಿದ್ದು ಸಹಜ ಹೆರಿಗೆಯನ್ನೇ. ನನ್ನ ಅನುಭವವೂ ಇದಕ್ಕಿಂತ ಬೇರೆಯಲ್ಲ. ಏಳನೆಯ ತಿಂಗಳಲ್ಲಿ ತಪಾಸಣೆಗೆ ಬಂದಾಗ "ನಾರ್ಮಲ್ ಆಗುತ್ತದಲ್ಲವಾ ಸಿಸ್ಟರ್" ಎಂದು ಕೇಳಿದ ಹೆಣ್ಣುಮಕ್ಕಳನ್ನು ಲೆಕ್ಕ ಇಡಲಾರೆ. ಅದೇ ಹೆಣ್ಣು ಒಂಬತ್ತು ತಿಂಗಳು ತುಂಬಿ, ಹೆರಿಗೆ ಮೇಜಿನ ಮೇಲೆ ಏಳು ಗಂಟೆ ಮಲಗಿದ ಮೇಲೆ "ಕೊಯ್ದು ತೆಗೆದುಬಿಡಿ" ಎನ್ನುತ್ತಾಳೆ. ಆ ಎರಡು ತಿಂಗಳಲ್ಲಿ ಅವಳ ಶಕ್ತಿಯೇನೂ ಕುಂದಿರುವುದಿಲ್ಲ. ಅವಳಿಗೆ ಏನಾಯಿತು ಎಂಬುದನ್ನು ಆ ಏಳು ಗಂಟೆಗಳಲ್ಲಿ ಹುಡುಕಬೇಕು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಆಷಾಢ ಮಾಸ, ಹೊರಗೆ ಎಡೆಬಿಡದ ಮಳೆ. ನಾಲ್ಕು ಮೇಜುಗಳಿದ್ದ ನಮ್ಮ ಕೊಠಡಿಯಲ್ಲಿ ನಡುವೆ ಒಂದು ಪರದೆಯೂ ಇರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ, ಚೊಚ್ಚಲ ಹೆರಿಗೆ. ಅಂಗಾತ ಮಲಗಿಸಿ, ಕಾಲು ಮೇಲೆತ್ತಿ ಕಟ್ಟಿ, ನೋವು ಬರಿಸುವ ಡ್ರಿಪ್ ಹಾಕಿದ್ದೆವು. ಪಕ್ಕದ ಮೇಜಿನವಳು ಕಿರುಚಿದಾಗಲೆಲ್ಲ ಇವಳ ಮೈ ಸೆಟೆದುಕೊಳ್ಳುತ್ತಿತ್ತು. ಗ್ರಿಲ್ ಬಾಗಿಲಿನ ಆಚೆ ಅವಳ ತಾಯಿ ಬಿಸಿನೀರಿನ ಫ್ಲಾಸ್ಕು, ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆಗಳ ಗಂಟು ಹಿಡಿದು ಸಂಜೆಯಿಂದ ನಿಂತಿದ್ದರು. ಮಗಳ ದನಿ ಅವರಿಗೆ ಕೇಳುತ್ತಿತ್ತು, ತಾಯಿಯ ದನಿ ಮಗಳಿಗೆ ಕೇಳುತ್ತಿರಲಿಲ್ಲ. ಹುಡುಗಿ ನನ್ನ ಕೈ ಹಿಡಿದು, "ಅಕ್ಕಾ, ಕೊಯ್ದುಬಿಡಿ ನನ್ನನ್ನು, ನಾನು ತಡೆಯಲಾರೆ" ಎಂದಳು. ಡ್ಯೂಟಿ ಡಾಕ್ಟರು ಬೇರೊಬ್ಬಳ ರಕ್ತಸ್ರಾವ ನಿಲ್ಲಿಸಲು ಥಿಯೇಟರಿಗೆ ಹೋಗಿದ್ದರು. ಅವರು ಬಂದ ಕೂಡಲೇ ಇವಳನ್ನೂ ಆಪರೇಷನ್ನಿಗೆ ತೆಗೆದುಕೊಳ್ಳುವುದೆಂದು ಮಾತಾಗಿತ್ತು. ಕೇಸ್ ಶೀಟಿನಲ್ಲಿ ಬರೆಯಲು ಕಾರಣವೂ ಸಿದ್ಧವಿತ್ತು: ರೋಗಿಯ ಕೋರಿಕೆ.

ಆಗ ನಾನು ನಿಯಮ ಮೀರಿ ಗ್ರಿಲ್ ತೆಗೆದು ಆ ತಾಯಿಯನ್ನು ಒಳಗೆ ಬಿಟ್ಟೆ. ಅವರು ಏನನ್ನೂ ಕೇಳಲಿಲ್ಲ. ಕೈ ತೊಳೆದುಕೊಂಡು, ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಮಗಳ ಸೊಂಟದ ಕೆಳಗೆ ಅಂಗೈ ಇಟ್ಟು ಒತ್ತಿ ಉಜ್ಜತೊಡಗಿದರು. ಅವಳನ್ನು ಮೇಜಿನಿಂದ ಇಳಿಸಲೇ ಎಂದು ನನ್ನ ಮುಖ ನೋಡಿದರು. ಮಗುವಿನ ಎದೆಬಡಿತ ಕೇಳಿ ನೋಡಿ, ಇಳಿಸಿ ಎಂದೆ. ಕಿಟಕಿಯ ಸರಳು ಹಿಡಿದು ನಿಂತಳು, ನಾಲ್ಕು ಹೆಜ್ಜೆ ನಡೆದಳು, ನೋವು ಬಂದಾಗ ತಾಯಿಯ ಹೆಗಲಿಗೆ ಹಲ್ಲು ಕಚ್ಚಿ ಒರಗಿದಳು. ಆಪರೇಷನ್ನಿನ ಮಾತನ್ನು ಮತ್ತೆ ಎತ್ತಲಿಲ್ಲ. ಎರಡು ಗಂಟೆಯೊಳಗೆ ಮಗು ಹುಟ್ಟಿತು. ಹೊಲಿಗೆಯೂ ಬೇಕಾಗಲಿಲ್ಲ.

ಮರುವಾರ ನನಗೆ ಕಾರಣ ಕೇಳಿ ಮೆಮೊ ಬಂತು, ಹೊರಗಿನವರನ್ನು ಒಳಗೆ ಬಿಟ್ಟದ್ದಕ್ಕೆ.

ಸಚಿವರೇ, ಆ ಹುಡುಗಿ "ಸಿಸೇರಿಯನ್ ಬೇಕು" ಎಂದು ಬಾಯಿಬಿಟ್ಟು ಕೇಳಿದ್ದಳು. ಗ್ರಿಲ್ ತೆರೆಯದೆ ಹೋಗಿದ್ದರೆ, ಹೆಣ್ಣುಮಕ್ಕಳೇ ಕೇಳುತ್ತಾರೆ ಎಂಬ ಲೆಕ್ಕಕ್ಕೆ ಅವಳೂ ಸೇರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅವಳ ತಾಯಿ.

ಇನ್ನೊಂದನ್ನು ಮುಚ್ಚಿಡದೆ ಬರೆಯಬೇಕು. ಹೆರಿಗೆ ಮೇಜಿನ ಮೇಲಿದ್ದ ಹೆಂಗಸರ ತೊಡೆಗೆ ನಾನು ಹೊಡೆದಿದ್ದೇನೆ. "ಆಗ ಸುಖವಾಗಿತ್ತಲ್ಲ, ಈಗ ಯಾಕೆ ಕೂಗುತ್ತೀಯ" ಎಂಬ ಹೊಲಸು ಮಾತನ್ನು ನನ್ನ ಹಿರಿಯರಿಂದ ಕಲಿತು ನಾನೂ ಆಡಿದ್ದೇನೆ. ಮಗುವನ್ನು ಹೊರದೂಡಲು ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದ್ದೇನೆ. ಚೊಚ್ಚಲು ಎಂದರೆ ಯೋನಿದ್ವಾರ ಅಗಲಿಸಲು ಕತ್ತರಿ ಹಾಕಲೇಬೇಕು ಎಂದು ಹಾಕಿದ್ದೇನೆ, ಮರಗಟ್ಟಿಸುವ ಮದ್ದು ಪೂರ್ತಿ ಏರುವ ಮೊದಲೇ ಹೊಲಿಗೆ ಹಾಕಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ನಾವು ಇಬ್ಬರು, ಹೆರುವವರು ಹನ್ನೊಂದು ಮಂದಿ ಇದ್ದ ರಾತ್ರಿಗಳವು. ಕೆಲಸದ ಹೊರೆ ನಮ್ಮನ್ನು ಒರಟು ಮಾಡಿತು ಎನ್ನುವುದು ನಿಜ. ಹಾಗೆಂದು ಏಟು ತಿಂದವಳ ನೋವೇನೂ ಕಡಿಮೆಯಾಗುವುದಿಲ್ಲ. ಅವರಲ್ಲಿ ಎಷ್ಟೋ ಜನ ಎರಡನೆಯ ಬಸಿರಿನಲ್ಲಿ ಸಾಲ ಮಾಡಿ ಖಾಸಗಿಗೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡರು. ಅವರನ್ನು ಅಲ್ಲಿಗೆ ಅಟ್ಟಿದವರಲ್ಲಿ ನಾನೂ ಒಬ್ಬಳು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಕಾಲದ ಮಾರ್ಗಸೂಚಿಯನ್ನು ನಿವೃತ್ತಿಯ ಹತ್ತಿರ ಹತ್ತಿರ ಒಂದು ತರಬೇತಿಯಲ್ಲಿ ಓದಿದೆ. ಹೊಟ್ಟೆ ಒತ್ತಬಾರದು, ಎಲ್ಲರಿಗೂ ಕತ್ತರಿ ಹಾಕಬಾರದು, ಅವಳು ಬಯಸಿದವರು ಜೊತೆಗಿರಬೇಕು, ಓಡಾಡಲು, ಕೂರಲು, ನಿಲ್ಲಲು ಬಿಡಬೇಕು, ನೋವು ಕಡಿಮೆ ಮಾಡಲು ಕೇಳಿದರೆ ಎಪಿಡ್ಯೂರಲ್ (ಬೆನ್ನಿನ ಮೂಲಕ ಕೊಡುವ ನೋವು ನಿವಾರಕ ಮದ್ದು) ಸೇರಿದಂತೆ ಉಪಾಯಗಳಿರಬೇಕು. ಗಂಟೆಗೆ ಒಂದು ಸೆಂಟಿಮೀಟರ್ ಗರ್ಭಕೋಶದ ಬಾಯಿ ತೆರೆಯಲೇಬೇಕು ಎಂಬ ಹಳೆಯ ಗಡುವನ್ನೂ ಅದು ಕೈಬಿಟ್ಟಿದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಗಡುವಿನ ಮೇಲೆಯೇ ನಾವು ಎಷ್ಟು ಜನರನ್ನು "ಮುಂದುವರಿಯುತ್ತಿಲ್ಲ" ಎಂದು ಥಿಯೇಟರಿಗೆ ಕಳಿಸಿದ್ದೆವು!

ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಂಡದ್ದು ಬೇರೆಯೇ. ಅಲ್ಲಿ ಏಟಿಲ್ಲ, ಬೈಗುಳವಿಲ್ಲ, ಪರದೆ ಇದೆ, ಫ್ಯಾನು ತಿರುಗುತ್ತದೆ. ಆದರೆ ಸಂಜೆ ಐದರ ಹೊತ್ತಿಗೆ "ಮಗುವಿನ ಸುತ್ತ ನೀರು ಕಡಿಮೆಯಾಗಿದೆ", "ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿದೆ, ರಿಸ್ಕ್ ತೆಗೆದುಕೊಳ್ಳುತ್ತೀರಾ" ಎಂಬ ಮಾತು ಬರುತ್ತದೆ. ಬಳ್ಳಿ ಸುತ್ತಿಕೊಂಡೇ ಎಷ್ಟೋ ಮಕ್ಕಳು ಆರಾಮವಾಗಿ ಹುಟ್ಟುತ್ತವೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಮಗುವಿನ ಜೀವ ಮುಂದಿಟ್ಟು ಕೇಳಿದರೆ ಯಾವ ತಾಯಿ ಬೇಡ ಎಂದಾಳು? ವೈದ್ಯರನ್ನೂ ಸಾರಾಸಗಟಾಗಿ ದೂಷಿಸಲಾರೆ. ಒಬ್ಬರೇ ವೈದ್ಯೆ, ಒಬ್ಬರೇ ಅರಿವಳಿಕೆ ತಜ್ಞರು, ಅವರೂ ಕರೆದಾಗ ಬೇರೆ ಊರಿನಿಂದ ಬರಬೇಕಾದವರು. ಏನಾದರೂ ಹೆಚ್ಚುಕಡಿಮೆಯಾದರೆ ಗಾಜು ಒಡೆಯುವ ಜನ ಇದ್ದಾರೆ. ಇಂಥ ಕಡೆ ರಾತ್ರಿಯಿಡೀ ಕಾಯುವುದಕ್ಕಿಂತ ಒಂದು ಗಂಟೆಯಲ್ಲಿ ಮುಗಿಯುವ ದಾರಿ ಎಲ್ಲರಿಗೂ ಹಿತವೆನಿಸುತ್ತದೆ.

ಅಲ್ಲಿಯೇ ಪಂಚಾಂಗದ ಚೀಟಿಗಳನ್ನೂ ಕಂಡೆ. ಅಮಾವಾಸ್ಯೆ ಬೇಡ, ಮೂಲಾ ನಕ್ಷತ್ರ ಬೇಡ, ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟರೊಳಗೆ ಆಗಬೇಕು ಎಂದು ಬರೆದುಕೊಂಡು ಬಂದ ಚೀಟಿ. ತರುತ್ತಿದ್ದವರು ಮಾವನೋ ಗಂಡನೋ. "ತಾಯಿಯ ಕೋರಿಕೆಯ ಸಿಸೇರಿಯನ್" ಎನ್ನುವುದರಲ್ಲಿ ಎಷ್ಟು ತಾಯಿಯದು, ಎಷ್ಟು ಮನೆಯವರದು ಎಂದು ಬೇರ್ಪಡಿಸಿ ನೋಡಿದವರು ಯಾರು? ಒಪ್ಪಿಗೆ ಪತ್ರವನ್ನೂ ನೋಡಿ. ಹೊಟ್ಟೆ ಅವಳದು, ಸಹಿ ಗಂಡನದು. 2008ರಲ್ಲಿಯೇ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಪ್ರಜ್ಞೆಯಿರುವ ವಯಸ್ಕ ಹೆಣ್ಣಿನ ಶಸ್ತ್ರಚಿಕಿತ್ಸೆಗೆ ಅವಳ ಒಪ್ಪಿಗೆಯೇ ಬೇಕು, ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಹೇಳಿದೆ. ನಮ್ಮ ವಾರ್ಡುಗಳಲ್ಲಿ ಇವತ್ತಿಗೂ "ಗಂಡ ಎಲ್ಲಿ, ಸಹಿ ಮಾಡಬೇಕು" ಎಂದೇ ಕೂಗುತ್ತಾರೆ. ಮೇಜಿನ ಮೇಲಿರುವವಳ ಹೆಬ್ಬೆಟ್ಟನ್ನು ಕೊನೆಗೆ, ಡ್ರಿಪ್ ಚುಚ್ಚಿದ ಕೈಯಿಂದಲೇ, ಓದಿ ಹೇಳದೆ ಒತ್ತಿಸಿಕೊಳ್ಳುತ್ತಾರೆ.

ಇನ್ನು ಆಪರೇಷನ್ನಿಗೆ ಹೆದರಿ ನಡುಗುವವರ ಮಾತು. ಕೂಲಿ ಮಾಡುವ ಹೆಂಗಸರಿಗೆ ಸಿಸೇರಿಯನ್ ಎಂದರೆ ಆರು ತಿಂಗಳು ಬಿಂದಿಗೆ ಎತ್ತುವಂತಿಲ್ಲ, ಕಳೆ ಕೀಳಲು ಬಗ್ಗುವಂತಿಲ್ಲ, ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್ನಿನಿಂದ ಜೀವನಪೂರ್ತಿ ಬೆನ್ನುನೋವು ಎಂಬ ಲೆಕ್ಕ. ಅದರಲ್ಲಿ ಸ್ವಲ್ಪ ನಿಜ, ಸ್ವಲ್ಪ ತಪ್ಪು ತಿಳಿವಳಿಕೆ. ಕೂತು ಹೇಳುವವರಿಲ್ಲದ್ದರಿಂದ ನಿಜವಾಗಿ ಆಪರೇಷನ್ ಬೇಕಾದಾಗಲೂ ಬೇಡವೆಂದು ಹಟ ಹಿಡಿದು ಅಪಾಯಕ್ಕೆ ಬಿದ್ದವರನ್ನು ಕಂಡಿದ್ದೇನೆ. ಒಬ್ಬಳ ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಅವಳನ್ನು ಒಪ್ಪಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ ಮತ್ತು ಒಂದು ಬಟ್ಟೆಯ ಗೊಂಬೆ. ಚೀಲದ ಬಾಯಿಯಿಂದ ಗೊಂಬೆಯನ್ನು ಅಡ್ಡವಾಗಿ ಎಳೆದು ತೋರಿಸಿದೆ, ಬರಲಿಲ್ಲ. ಅವಳು ತಾನಾಗಿಯೇ "ಆಯಿತು, ಕೊಯ್ಯಿರಿ" ಎಂದಳು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಮೇಲೆಯೇ ಅನುಮಾನ ಬಿದ್ದ ಮೇಲಂತೂ ಈ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವ ನೈತಿಕತೆ ನಮಗೆ ಯಾರಿಗೂ ಉಳಿದಿಲ್ಲ.

ನನ್ನನ್ನು ತಪ್ಪು ತಿಳಿಯಬೇಡಿ. ಮನೆಯ ಕತ್ತಲೆ ಕೋಣೆಯ ಹೆರಿಗೆಗೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಹೆರಿಗೆ ಆಸ್ಪತ್ರೆಗೆ ಬಂದದ್ದರಿಂದ, ವೇಳೆಗೆ ಸರಿಯಾಗಿ ಆದ ಸಿಸೇರಿಯನ್‌ಗಳಿಂದ ಉಳಿದ ಜೀವಗಳು ಅವು. ಎಷ್ಟೋ ಸಲ ನಾನೇ ಸ್ಟ್ರೆಚರ್ ತಳ್ಳಿಕೊಂಡು ಓಡಿದ್ದೇನೆ. ಆದರೂ 69 ಎನ್ನುವುದು ದಕ್ಷಿಣದ ರಾಜ್ಯಗಳಲ್ಲೇ ಆಗ ಅತಿ ಹೆಚ್ಚು, ಕೇರಳದ್ದು 19. ಹಾಗೆಂದು ಸಿಸೇರಿಯನ್ ಹೆಚ್ಚಾದಷ್ಟೂ ತಾಯಂದಿರು ಉಳಿಯುತ್ತಾರೆ ಎನ್ನುವಂತಿಲ್ಲ. ಒಮ್ಮೆ ಕೊಯ್ದ ಗರ್ಭಕೋಶದ ಹೊಲಿಗೆಯ ಮೇಲೆ ಮುಂದಿನ ಬಸಿರಿನ ಮಾಸು ಬೇರುಬಿಟ್ಟಂತೆ ಅಂಟಿಕೊಂಡರೆ ಆಗುವ ರಕ್ತಸ್ರಾವವನ್ನು ಒಮ್ಮೆ ನೋಡಿದವರು ಅನಗತ್ಯವಾದ ಮೊದಲ ಸಿಸೇರಿಯನ್ನನ್ನು ಹಗುರವಾಗಿ ಕಾಣಲಾರರು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿದ ಜೀವ ಅದು. ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದಾಗ ನಾವು ಚಾಕು, ರಕ್ತನಿಧಿ, ಅರಿವಳಿಕೆ ಎಲ್ಲವನ್ನೂ ಪಡೆದೆವು, ಒಳ್ಳೆಯದೇ ಆಯಿತು. ಬೆನ್ನು ಸವರುತ್ತ ಪಕ್ಕದಲ್ಲಿ ಕೂರುವ ಸೂಲಗಿತ್ತಿಯನ್ನು ಮಾತ್ರ ಗ್ರಿಲ್ಲಿನ ಆಚೆಗೇ ಬಿಟ್ಟು ಬಂದೆವು. ಆ ಜಾಗ ಇನ್ನೂ ಖಾಲಿ ಇದೆ.

ಇದನ್ನು ತುಂಬಲು ಹೊಸ ಕಾನೂನು ಬೇಕಿಲ್ಲ. ಹೆರಿಗೆಯ ಹೊತ್ತಿನಲ್ಲಿ ಒಬ್ಬ ಸಂಗಾತಿ ಜೊತೆಗಿರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲಿಯೇ ಹೇಳಿದೆ. ಹೆರಿಗೆ ಕೊಠಡಿಗಳ ಗುಣಮಟ್ಟ ಸುಧಾರಿಸಲು 2017ರ ಡಿಸೆಂಬರ್‌ನಲ್ಲಿ ಆರಂಭವಾದ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಗೌರವದ ಹೆರಿಗೆ ಆರೈಕೆಯೂ ಒಂದು ಮಾನದಂಡ. ಆದರೆ ತಪಾಸಣಾ ತಂಡ ಬರುವ ದಿನ ಪರದೆ ಇಳಿಬಿಡುತ್ತೇವೆ, ಗೋಡೆಗೆ ಬೋರ್ಡು ಹಾಕುತ್ತೇವೆ, ತಂಡ ಹೋದ ಮೇಲೆ ಪರದೆ ಒಗೆಯಲು ಹೋದದ್ದು ವಾಪಸು ಬರುವುದಿಲ್ಲ.

ಹೀಗಿರುವಾಗ ಸಿಸೇರಿಯನ್ ಇಷ್ಟು ಶೇಕಡಾಕ್ಕೆ ಇಳಿಸಿ ಎಂದು ಗುರಿ ಕೊಟ್ಟರೆ ಏನಾಗುತ್ತದೆ ಎಂದು ಕೆಳಗೆ ಕೆಲಸ ಮಾಡಿದ ನಾನು ಹೇಳಬಲ್ಲೆ. ಆಪರೇಷನ್ ಬೇಕಾದವಳನ್ನೂ ಇನ್ನೆರಡು ಗಂಟೆ ಕಾಯಿಸುತ್ತಾರೆ, ಹೊಟ್ಟೆಯ ಮೇಲೆ ಇನ್ನೊಂದು ಮೊಣಕೈ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ, ಇಂತಿಷ್ಟೇ ಶೇಕಡಾ ಎಂದು ಬೆನ್ನುಹತ್ತುವ ಬದಲು ಅಗತ್ಯವಿರುವ ಪ್ರತಿ ಹೆಣ್ಣಿಗೂ ಸಿಸೇರಿಯನ್ ದೊರೆಯುವಂತೆ ನೋಡಿಕೊಳ್ಳಿ ಎಂದಿದೆ. ಆದ್ದರಿಂದ ದಯವಿಟ್ಟು ಅಂಥ ಗುರಿಯ ಸುತ್ತೋಲೆ ಹೊರಡಿಸಬೇಡಿ.

ಬದಲಿಗೆ ನನ್ನ ಬೇಡಿಕೆಗಳು ಇವು. ಪ್ರತಿ ಸರ್ಕಾರಿ ಹೆರಿಗೆ ಕೊಠಡಿಯಲ್ಲಿ ಮೇಜು ಮೇಜಿನ ನಡುವೆ ಮರೆ ಇರಲಿ, ಅವಳು ಹೆಸರಿಸಿದ ಒಬ್ಬ ಹೆಣ್ಣು ಒಳಗಿರಲಿ, ಗಂಡನೇ ಬೇಕೆಂದರೆ ಅದಕ್ಕೂ ಮರೆಯಿರುವ ಜಾಗ ಒದಗಲಿ. ಇದಕ್ಕೆ ಕೋಟಿಗಳು ಬೇಕಿಲ್ಲ, ಅಧೀಕ್ಷಕರ ಮೇಲೆ ನಿಮ್ಮ ಒಂದು ಖಡಕ್ ಆದೇಶ ಬೇಕು. ಕೇಂದ್ರದ 2018ರ ಮಾರ್ಗಸೂಚಿಯಂತೆ ತರಬೇತಾದ ಪ್ರಸೂತಿ ಶುಶ್ರೂಷಕಿಯರನ್ನು, ಅಂದರೆ ಓದಿದ ಸೂಲಗಿತ್ತಿಯರನ್ನು, ಹೆರಿಗೆ ಹೆಚ್ಚಿರುವ ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಕೊಡಿ, ಮತ್ತು ಅವರನ್ನು ಬೇರೆ ವಾರ್ಡಿಗೆ ಎತ್ತಂಗಡಿ ಮಾಡದಂತೆ ತಡೆಯಿರಿ. ಜಿಲ್ಲಾ ಆಸ್ಪತ್ರೆಗಳಲ್ಲಾದರೂ ನೋವು ನಿವಾರಣೆ ಕೇಳಿದವಳಿಗೆ ಸಿಗುವಂತಾಗಲಿ. ಹಲ್ಲು ಕೀಳಲು ಮರಗಟ್ಟಿಸುವ ನಾವು ಹೆರುವವಳಿಗೆ ಮಾತ್ರ ಸಹಿಸಿಕೋ ಎನ್ನುವುದು ನ್ಯಾಯವಲ್ಲ. ಮೊದಲ ಹೆರಿಗೆ ಸಿಸೇರಿಯನ್ ಆದವರಲ್ಲಿ ತಕ್ಕವರನ್ನು ಆರಿಸಿ ಸಹಜ ಹೆರಿಗೆಗೆ ಬಿಟ್ಟರೆ ನೂರಕ್ಕೆ 60ರಿಂದ 80 ಮಂದಿಗೆ ಅದು ಕೈಗೂಡುತ್ತದೆ. ತುರ್ತು ಥಿಯೇಟರ್ ಇರುವ ಕಡೆಗಳಲ್ಲಿ ಆ ಅವಕಾಶ ಕೊಡಿ. ಖಾಸಗಿ ಆಸ್ಪತ್ರೆಗಳೂ ಸೇರಿದಂತೆ ಪ್ರತಿ ಆಸ್ಪತ್ರೆ ತನ್ನ ಸಿಸೇರಿಯನ್ ಲೆಕ್ಕವನ್ನು ರಾಬ್ಸನ್ ವರ್ಗೀಕರಣದಂತೆ, ಯಾವ ಬಗೆಯ ಬಸುರಿಯರಲ್ಲಿ ಎಷ್ಟು ಎಂದು, ಜನರಿಗೆ ಕಾಣುವಂತೆ ಪ್ರಕಟಿಸಲಿ. ಎಲ್ಲವನ್ನೂ ತಿಳಿದ ಮೇಲೂ ಸಿಸೇರಿಯನ್ನೇ ಬೇಕು ಎನ್ನುವವಳನ್ನು ಹೀಯಾಳಿಸದೆ ಅವಳ ಮಾತಿಗೆ ಬೆಲೆ ಕೊಡಿ. ಬ್ರಿಟನ್ನಿನ ಮಾರ್ಗಸೂಚಿ 2011ರಿಂದಲೇ ಹಾಗೆ ಮಾಡುತ್ತಿದೆ.

ಕೊನೆಯದು ಬಹಳ ಸಣ್ಣದು. ನಾನು ತುಂಬಿದ ಕೇಸ್ ಶೀಟುಗಳಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್, ಕೊನೆಯ ಮುಟ್ಟಿನ ದಿನ, ಗಂಡನ ಹೆಸರು ಎಲ್ಲಕ್ಕೂ ಜಾಗವಿತ್ತು. ಅವಳ ಇಷ್ಟವೇನು ಎಂದು ಬರೆಯಲು ಒಂದು ಗೆರೆಯೂ ಇರಲಿಲ್ಲ. ಎಂಟನೆಯ ತಿಂಗಳ ತಪಾಸಣೆಯ ದಿನ ಅವಳನ್ನು ಒಬ್ಬಳನ್ನೇ, ಅತ್ತೆ ಗಂಡಂದಿರನ್ನು ಹೊರಗೆ ಕೂರಿಸಿ, ಕೇಳಿ ಬರೆದುಕೊಳ್ಳುವಂತೆ ಎರಡು ಪ್ರಶ್ನೆಗಳನ್ನು ಸೇರಿಸಿ: ನಿಮಗೆ ಹೆರಿಗೆಯಲ್ಲಿ ಏನು ಭಯ? ಆ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಯಾರಿರಬೇಕು?

ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶುಶ್ರೂಷಕಿ